ಮೂರನೆಯ ಮೀನಿನ ಸರದಿ

ನೀಲಾಂಬಿಕೆಯ ಅಡುಗೆಮನೆಯಲ್ಲಿದ್ದ ತುಪ್ಪದ ಚಮಚದ ಒಳಗಡೆ ಒಂದು ಗೆರೆ ಇತ್ತು. ಅವಳೇ ಮೊಳೆಯಿಂದ ಕೊರೆದದ್ದು. ತುಪ್ಪ ಆ ಗೆರೆಯನ್ನು ದಾಟುವಂತಿಲ್ಲ, ಅದಕ್ಕಿಂತ ಕೆಳಗೂ ಇಳಿಯುವಂತಿಲ್ಲ. ಒಂಬತ್ತು ವರ್ಷದ ಮಹಾದೇವಿಗೂ ಅಷ್ಟೇ, ಮೂರು ವರ್ಷದ ತುಂಗವ್ವನಿಗೂ ಅಷ್ಟೇ, ನಡುವಿನ ಇಬ್ಬರು ಗಂಡುಹುಡುಗರಿಗೂ ಅಷ್ಟೇ.

ಇದಕ್ಕೊಂದು ಹಳೆಯ ಕಾರಣವಿತ್ತು. ಅವಳು ಬೆಳೆದ ಮನೆಯಲ್ಲಿ ತುಪ್ಪ ಅಣ್ಣನ ತಟ್ಟೆಗೆ ಬೀಳುತ್ತಿತ್ತು, ಇವಳ ತಟ್ಟೆಯವರೆಗೆ ಬರುತ್ತಿದ್ದದ್ದು ಅದರ ವಾಸನೆ ಮಾತ್ರ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅನ್ನುವ ಮಾತನ್ನು ಉಳಿದವರು ಶಾಲೆಯಲ್ಲಿ ಕಲಿತರೆ ಇವಳು ದಿನಾ ಎರಡು ಹೊತ್ತು ಉಂಡೇ ಕಲಿತಳು. ನನಗೆ ಎಷ್ಟು ಮಕ್ಕಳಾದರೂ ಭೇದ ಮಾಡುವುದಿಲ್ಲ ಎಂದು ಹನ್ನೊಂದನೆಯ ವಯಸ್ಸಿಗೇ ಆಣೆ ಹಾಕಿಕೊಂಡಿದ್ದಳು. ಆಣೆ ಹಾಕಿಕೊಂಡ ಹೆಂಗಸು ಗೆರೆ ಕೊರೆಯದೆ ಇರುತ್ತಾಳೆಯೇ?

ತುಪ್ಪವಷ್ಟೇ ಅಲ್ಲ, ಅವ್ವನೂ ಮಕ್ಕಳಿಗೆ ಸಮಪಾಲಾಗಿಯೇ ಸಿಗುತ್ತಿದ್ದಳು. ಸಂಜೆ ಕೆಲಸದಿಂದ ಬಂದವಳೇ ಅಡುಗೆಕಟ್ಟೆಯ ಮೇಲಿನ ಪುಟ್ಟ ಗಡಿಯಾರವನ್ನು ತಿರುಗಿಸಿಟ್ಟು ಚಾಪೆಯ ಮೇಲೆ ಕೂರುತ್ತಿದ್ದಳು. ಒಬ್ಬೊಬ್ಬರಿಗೆ ಮೂರು ನಿಮಿಷ. ಆ ಮೂರು ನಿಮಿಷ ಅವಳ ಎರಡೂ ಕಿವಿ ಆ ಮಗುವಿನವು. ಗಂಟೆ ಬಾರಿಸಿತೆಂದರೆ ಮುಂದಿನವರು.

ಮಹಾದೇವಿ ವಕೀಲರ ಹಾಗೆ ದೂರುಗಳನ್ನು ಒಂದು, ಎರಡು ಎಂದು ಬೆರಳು ಮಡಚಿ ಹೇಳಿ, ಗಂಟೆಗೆ ಮುಂಚೆಯೇ ಮುಗಿಸಿ ಏಳುತ್ತಿದ್ದಳು. ಏಳು ವರ್ಷದ ಸಂಗಮೇಶನ ಸುದ್ದಿ ಕಪಾಟು ಹತ್ತುವುದರಿಂದ ಶುರುವಾಗಿ ಕಪಾಟು ಬೀಳುವುದಕ್ಕೆ ಬಂದು ನಿಲ್ಲುತ್ತಿತ್ತು. ತುಂಗವ್ವನಿಗೆ ಸುದ್ದಿಯೇ ಬೇಕಿರಲಿಲ್ಲ. ತೊಡೆಯೇರಿ, ಅವ್ವನ ಕಿವಿ ಜಗ್ಗಿ, ಸಿಟ್ಟು ಬಂದರೆ ಒಮ್ಮೆ ಕಚ್ಚಿ, ಕೇಕೆ ಹಾಕಿ ನಗುತ್ತಿದ್ದಳು. ಮೂರನೆಯವನು, ಐದು ವರ್ಷದ ಕಲ್ಮೇಶ, ಎದುರು ಕೂತು ಚಾಪೆಯ ಎಳೆ ಬಿಡಿಸುತ್ತಿದ್ದ. ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ. ಅಷ್ಟರಲ್ಲಿ ಗಂಟೆ. ಇವನಿಗೆ ಸುದ್ದಿಯೇ ಇರುವುದಿಲ್ಲ ಎಂದುಕೊಂಡು ನೀಲಾಂಬಿಕೆ ತುಂಗವ್ವನನ್ನು ಎತ್ತಿಕೊಳ್ಳುತ್ತಿದ್ದಳು. ಹೋದ ವಾರ ಶಾಲೆಯಿಂದ ಒಂದು ಚೀಟಿಯೂ ಬಂದಿತ್ತು: ಹುಡುಗ ಕರೆದರೆ ಓಗೊಡುವುದಿಲ್ಲ, ಒಮ್ಮೆ ಕಿವಿಯ ಡಾಕ್ಟರಿಗೆ ತೋರಿಸಿ.

ಈ ಸರದಿಯ ಪದ್ಧತಿಯನ್ನು ಅವಳು ತಾನು ಕೆಲಸ ಮಾಡುವ ಕೇಂದ್ರದಿಂದ ಮನೆಗೆ ತಂದಳೋ ಮನೆಯಿಂದ ಕೇಂದ್ರಕ್ಕೆ ಒಯ್ದಳೋ ಅವಳಿಗೇ ನೆನಪಿರಲಿಲ್ಲ. ಯಾಕೆಂದರೆ ಕೇಂದ್ರದಲ್ಲೂ ಅವಳಿಗೆ ಮಕ್ಕಳಿದ್ದವು. ಐದು.

ನವಲಗುಂದದ ಆಚೆ, ಎರೆ ಹೊಲಗಳ ನಡುವೆ, ಊರಿನ ಕೆರೆಯಷ್ಟು ಅಗಲದ ಲೋಹದ ತಟ್ಟೆಯೊಂದು ಆಕಾಶಕ್ಕೆ ಮುಖ ಮಾಡಿ ಕೂತಿತ್ತು. ಅವಳ ಕೇಂದ್ರದ ಆ ತಟ್ಟೆ ಕಿವಿಗೊಟ್ಟದ್ದು ಗುರುಗ್ರಹದ ಒಂದು ಚಂದ್ರನಿಗೆ. ಯುರೋಪಾ ಅದರ ಹೆಸರು. ಮೇಲೆಲ್ಲ ಹದಿನೆಂಟು ಕಿಲೋಮೀಟರ್ ದಪ್ಪದ ಹಿಮ, ಹಿಮದ ಕೆಳಗೆ ಸಮುದ್ರ. ಭೂಮಿಯ ಎಲ್ಲ ಸಾಗರಗಳನ್ನು ಸುರಿದರೂ ತುಂಬದಷ್ಟು ದೊಡ್ಡ ಸಮುದ್ರ, ಹುಟ್ಟಿದಾಗಿನಿಂದ ಒಮ್ಮೆಯೂ ಬಿಸಿಲು ಕಾಣದ್ದು. ಆ ಕತ್ತಲಲ್ಲಿ ಮನುಷ್ಯರು ಬಿಟ್ಟ ಐದು ಯಂತ್ರಮೀನುಗಳು ಎರಡು ವರ್ಷಗಳಿಂದ ಈಜುತ್ತಿದ್ದವು. ದಿನವೂ ಅದೇ ಕೆಲಸ ಮಾಡುತ್ತಿದ್ದರೂ ಅದನ್ನು ನೆನೆದಾಗಲೆಲ್ಲ ನೀಲಾಂಬಿಕೆಯ ಮೈಮೇಲೆ ಮುಳ್ಳು ಏಳುತ್ತಿತ್ತು.

ಐದೂ ಒಂದೇ ಅಚ್ಚಿನವು. ಒಂದೊಂದೂ ಮೊಣಕೈ ಉದ್ದ. ಒಂದೇ ಬಗೆಯ ಮಿದುಳು, ನೋಡಿ ನೋಡಿ ಕಲಿಯುವಂಥದ್ದು. ಹಿಮದ ತಳದಲ್ಲಿ ತೂಗುಬಿಟ್ಟ ತಾಯಿಪೆಟ್ಟಿಗೆ ಅವನ್ನು ದಿನಕ್ಕೆ ಆರು ಸಲ ಹೆಸರು ಹಿಡಿದು ಕರೆಯುತ್ತಿತ್ತು. ಕರೆ ಕೇಳಿದ ಮೀನು ತಾನು ಕಂಡದ್ದನ್ನು ನೀರಿನಲ್ಲಿ ಶಬ್ದವಾಗಿ ಹೇಳಬೇಕು. ಪೆಟ್ಟಿಗೆ ಅದನ್ನು ರೇಡಿಯೋ ಅಲೆ ಮಾಡಿ ಭೂಮಿಗೆ ಕಳಿಸುತ್ತಿತ್ತು, ಅಲೆ ಬಂದು ಮುಟ್ಟಲು ನಲವತ್ತಮೂರು ನಿಮಿಷ. ಪೆಟ್ಟಿಗೆಯ ಕಿವಿ ತೆರೆದಿಡಲು ಶಕ್ತಿ ಬೇಕು. ಇದ್ದ ಶಕ್ತಿಗೆ ದಿನಕ್ಕೆ ಇಪ್ಪತ್ತೇ ನಿಮಿಷ ಕೇಳಬಹುದಿತ್ತು. ಆ ಇಪ್ಪತ್ತು ನಿಮಿಷವನ್ನು ನೀಲಾಂಬಿಕೆ ಚಮಚಕ್ಕೆ ಗೆರೆ ಕೊರೆದಂತೆಯೇ ಹಂಚಿದ್ದಳು. ಪ್ರತಿ ಮೀನಿಗೆ ಪ್ರತಿ ಸಲ ನಲವತ್ತು ಸೆಕೆಂಡು. ಆ ಪ್ರೋಗ್ರಾಮಿಗೆ ಅವಳಿಟ್ಟ ಹೆಸರು ಸಮಪಾಲು.

ಸಮಪಾಲು ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಐದೂ ಮೀನುಗಳ ಕಲಿಕೆಯನ್ನು ಒಟ್ಟುಗೂಡಿಸಿ, ಕಲಸಿ, ಐದಕ್ಕೂ ಸಮನಾಗಿ ಹಂಚುತ್ತಿತ್ತು. ಅಂದರೆ ಅಂದು ಐದೂ ಮತ್ತೆ ಒಂದೇ. ಆದರೆ ನಾಲ್ಕು ದಿನ ಕಳೆಯುವುದರೊಳಗೆ ಮೊದಲನೆಯ ಮೀನು ಮತ್ತೆ ಮುನ್ನುಗ್ಗುತ್ತಿತ್ತು, ನಾಲ್ಕನೆಯದು ಕಂಡ ಬಂಡೆಗೆಲ್ಲ ಡಿಕ್ಕಿ ಹೊಡೆಯುತ್ತಿತ್ತು, ಮೂರನೆಯದು ತಳ ಸೇರಿ ಮೆತ್ತಗಾಗುತ್ತಿತ್ತು. ನಲವತ್ತೆಂಟು ಸಲ ಕಲಸಿದರೂ ನಲವತ್ತೆಂಟು ಸಲವೂ ಒಂದೊಂದು ತನ್ನ ದಾರಿಗೇ ಮರಳಿತ್ತು. ಎಲ್ಲೋ ಒಂದು ರೆಕ್ಕೆಯ ಬೆಸುಗೆ ಕೂದಲೆಳೆಯಷ್ಟು ದಪ್ಪ, ಎಲ್ಲೋ ಒಂದು ಕಿವಿಯ ಹರಳು ಚೂರು ಮಂದ. ಮೈಯಲ್ಲಿದ್ದ ಆ ಚೂರೇ ನಡತೆಯಾಗಿ ಬೆಳೆಯುತ್ತಿತ್ತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅವಳ ಗಂಡ ವೀರಭದ್ರನಿಗೆ ಇದು ಸೋಜಿಗವೇ ಅಲ್ಲ. "ಒಂದs ದಿನ ಬಂದ ಎರಡು ಬಸ್ಸಿನ ಗೇರ್ ಒಂದs ಥರಾ ಬೀಳೂದಿಲ್ಲ, ನಿನಗೇನ್ ಹೇಳ್ಲಿ" ಅಂದಿದ್ದ. ನೀಲಾಂಬಿಕೆಗೆ ಮಾತ್ರ ಅದು ದೋಷವಾಗಿ ಕಂಡಿತ್ತು. ಇನ್ನಷ್ಟು ಚೆನ್ನಾಗಿ ಕಲಸಬೇಕು ಎಂದುಕೊಂಡಿದ್ದಳು.

ಈಗ ಆ ಮೂರನೆಯ ಮೀನು ಒಂಬತ್ತು ದಿನದಿಂದ ಉಸಿರೆತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಕೇಂದ್ರದ ಮುಖ್ಯಸ್ಥರಾದ ಶ್ರೀಪಾದ ಇನಾಮದಾರರು ಅವಳನ್ನು ಕರೆಸಿಕೊಂಡರು. ತಾಯಿಪೆಟ್ಟಿಗೆಯ ಕೆಲಸ ನೋಡಿಕೊಳ್ಳುವ ರಿಹಾನಾ ಮುಲ್ಲಾ ಆಗಲೇ ಬಂದಿದ್ದಳು.

"ಇವತ್ತು ಹತ್ತನೇ ದಿನ. ಹತ್ತು ದಿನ ಮಾತಾಡದಿದ್ರ ಸರದಿಯಿಂದ ತಗೀಬೇಕು, ಅದರ ಪಾಲು ಉಳಿದ ನಾಲ್ಕಕ್ಕ ಹಂಚಬೇಕು. ನೀವs ಬರದ ನಿಯಮ ಅದ, ನೀಲಾಂಬಿಕಾ ಅವರ," ಅಂದರು ಇನಾಮದಾರರು. "ಸಂಜೀ ನಾಲ್ಕಕ್ಕ ಆಜ್ಞೆ ಹೋಗಬೇಕು. ನಿಮ್ಮ ಸಹಿ ಒಂದು ಬೇಕು."

ಸರದಿಯಿಂದ ತೆಗೆಯುವುದೆಂದರೆ ಏನೆಂದು ಮೂವರಿಗೂ ಗೊತ್ತಿತ್ತು. ಎರಡು ದಿನ ತನ್ನ ಹೆಸರು ಕೇಳದ ಮೀನು, ತಾಯಿಪೆಟ್ಟಿಗೆ ಸತ್ತಿತೆಂದು ತಿಳಿದು ತಳಕ್ಕಿಳಿದು ತನ್ನ ಕಾವು ಆರಿಸಿಕೊಳ್ಳುತ್ತದೆ. ಆಮೇಲೆ ಅದನ್ನು ಎಬ್ಬಿಸಲು ಬ್ರಹ್ಮನಿಂದಲೂ ಆಗದು.

"ಅದು ಕೆಟ್ಟಿರಬೇಕ್ರಿ ಅಕ್ಕಾರ," ಅಂದಳು ರಿಹಾನಾ ಮೆಲ್ಲಗೆ. "ಐವತ್ನಾಕು ಸಲ ಕರದೇವಿ. ಒಂದಕ್ಕೂ ಓ ಅಂದಿಲ್ಲ."

"ಊಟ ಮಾಡಿ ಬಂದು ಸಹಿ ಹಾಕ್ತೇನ್ರಿ ಸರ್," ಅಂದಳು ನೀಲಾಂಬಿಕೆ.

ಮನೆ ಕೇಂದ್ರದ ಹಿಂದಿನ ಕ್ವಾರ್ಟರ್ಸಿನಲ್ಲಿ, ನಡೆದರೆ ಹತ್ತು ನಿಮಿಷ. ಬಾಗಿಲು ತೆರೆದಾಗ ಪಡಸಾಲೆಯಲ್ಲಿ ಅವಳ ಅತ್ತೆ ಗುರವ್ವ ಅಗಲ ತಟ್ಟೆಯಂಥ ದೊಡ್ಡ ಪರಾತದ ಮುಂದೆ ಕಾಲು ಚಾಚಿ ಕೂತಿದ್ದಳು. ಸುತ್ತ ನಾಲ್ಕೂ ಮಕ್ಕಳು. ಭಾನುವಾರ ಮಧ್ಯಾಹ್ನ, ಮಕ್ಕಳು ಆಯಿ ಎಂದು ಕರೆಯುವ ಅಜ್ಜಿಯ ಕೈತುತ್ತು. ಗುರವ್ವನ ಮುಂದೆ ಚಮಚದ ಗೆರೆ ನಡೆಯುತ್ತಿರಲಿಲ್ಲ.

ಬಿಸಿ ರೊಟ್ಟಿ ಮುರಿದು, ಬೇಳೆ ಸಾರು ಹಾಕಿ, ತುಪ್ಪ ಸುರಿದು ಕಲಸಿದ ಆ ಮುದ್ದೆಯಿಂದ ಮುದುಕಿ ತುತ್ತು ಕಟ್ಟುತ್ತಿದ್ದಳು. ನೀಲಾಂಬಿಕೆ ಹೊಸ್ತಿಲಲ್ಲೇ ನಿಂತು ನೋಡಿದಳು. ಮಹಾದೇವಿಗೆ ಶೇಂಗಾ ಚಟ್ನಿ ಹಚ್ಚಿದ ದೊಡ್ಡ ತುತ್ತು, ಅಂಗೈಗೆ. ಸಂಗಮೇಶ ಕೋಣೆಯೆಲ್ಲ ಓಡುತ್ತಿದ್ದ. ಅವನ ತುತ್ತು ಅವನು ಎದುರಿಗೆ ಹಾದಾಗ ಬಾಯಿಗೇ ಹೋಗುತ್ತಿತ್ತು. ತುಂಗವ್ವನಿಗೆ "ಇದು ಕಾಗಿದು, ನಿನಗ ಕೊಡಂಗಿಲ್ಲ" ಅಂದರೆ ಸಾಕು, ಕಸಿದುಕೊಂಡು ನುಂಗುತ್ತಿದ್ದಳು. ಕಲ್ಮೇಶನ ಸರದಿ ಬಂದಾಗ ಮಾತ್ರ ಮುದುಕಿಯ ಕೈ ಗಾಳಿಯಲ್ಲಿ ನಿಂತುಬಿಟ್ಟಿತು. ಹುಡುಗ ನೆಲ ನೋಡುತ್ತಿದ್ದ. ಅವಳು ಕರೆಯಲಿಲ್ಲ, ಗದರಲಿಲ್ಲ, ಮುಂದಿನವರಿಗೆ ಹೋಗಲೂ ಇಲ್ಲ.

"ಆಯೀ, ಅವಂಗ ಎಷ್ಟ್ ಹೊತ್ತು? ನಂದು ಯಾವಾಗ?" ಮಹಾದೇವಿ ನ್ಯಾಯ ತೆಗೆದಳು.

"ಸುಮ್ನ ಕುಂದರs ವಕೀಲೀ."

"ಅತ್ತೀ, ಅವಂದು ಬಿಟ್ಟು ಮುಂದಿನವರಿಗೆ ಕೊಡ್ರಿ," ಅಂದಳು ನೀಲಾಂಬಿಕೆ. "ಎಲ್ಲಾರಿಗೂ ಒಂದs ಸಮ ಆಗಬೇಕಲ್ಲ."

ಗುರವ್ವ ಸೊಸೆಯತ್ತ ತಿರುಗಲಿಲ್ಲ. ಚಾಚಿದ ಕೈಯ ಬೆರಳುಗಳನ್ನೇ ನೋಡುತ್ತ, "ಐದೂ ಬೆರಳು ಸಮ ಇದ್ದಿದ್ರ ತುತ್ತು ಹ್ಯಾಂಗ ಕಟ್ಟತಿದ್ದಿ?" ಅಂದಳು.

ಆಗ ಕಲ್ಮೇಶ ತಲೆ ಎತ್ತಿದ. ತುತ್ತು ತೆಗೆದುಕೊಂಡ, ಅಗಿದ, ನುಂಗಿದ. ಆಮೇಲೆ ಬಾಯಿ ತೆರೆದು, ಟೀಚರ್ ಕರೆದರೆ ಯಾಕೆ ಓಗೊಡುವುದಿಲ್ಲ ಎಂದು ನಿನ್ನೆ ಸಂಜೆಯ ಸರದಿಯಲ್ಲಿ ಅವ್ವ ಕೇಳಿದ್ದ ಪ್ರಶ್ನೆಗೆ ಉತ್ತರ ಹೇಳಿದ.

"ಸಾಲ್ಯಾಗ ಇರಿವಿ ನೋಡಿದೆ. ಗ್ವಾಡಿ ಬುಡಕ ಹೊಂಟಿದ್ದು. ನಾ ಉಸರ್ ಬಿಟ್ರ ಅವು ಅಂಜಿ ನಿಂದರತಿದ್ದು. ಅದಕ್ಕ ಉಸರ್ ಹಿಡದ ಕುಂತಿದ್ದೆ. ಟೀಚರ್ ಕರದ್ರು. ಓ ಅನ್ನಾಕ ಮದ್ಲ ನಾ ದೂರ ಸರದ ಬರಬೇಕಿತ್ತು. ಬರೂದ್ರಾಗ ಅವ್ರು ಹೋಗಿದ್ರು."

ಇಷ್ಟು ಉದ್ದದ ಮಾತನ್ನು ಮಗನ ಬಾಯಿಂದ ನೀಲಾಂಬಿಕೆ ಎಂದೂ ಕೇಳಿರಲಿಲ್ಲ. ಮರುಕ್ಷಣ ಏನೋ ಹೊಳೆದು, ಊಟದ ತಟ್ಟೆಯನ್ನೂ ಮುಟ್ಟದೆ, ಬಂದ ದಾರಿಯಲ್ಲೇ ಓಡಿದಳು.

ಕೇಂದ್ರದಲ್ಲಿ ಅವಳು ಮೂರನೆಯ ಮೀನಿನ ಹಳೆಯ ದಾಖಲೆ ತೆಗೆದಳು. ಏನು ಹೇಳಿತು ಅನ್ನುವುದನ್ನು ಎಲ್ಲರೂ ನೋಡಿದ್ದರು. ಕರೆದ ಎಷ್ಟು ಹೊತ್ತಿಗೆ ಬಾಯಿ ತೆರೆಯಿತು ಅನ್ನುವುದನ್ನು ಯಾರೂ ನೋಡಿರಲಿಲ್ಲ. ತಿಂಗಳ ಹಿಂದೆ ಮೂರು ಸೆಕೆಂಡು. ಆಮೇಲೆ ಹನ್ನೊಂದು. ಹತ್ತೊಂಬತ್ತು. ಇಪ್ಪತ್ತೇಳು. ಮೂವತ್ತಮೂರು. ಹತ್ತು ದಿನದ ಹಿಂದಿನ ಕೊನೆಯ ಕರೆಗೆ ಮೂವತ್ತೊಂಬತ್ತು. ಆಮೇಲೆ ಮೌನ.

"ರಿಹಾನಾ, ಇದು ಸುಮ್ಮನಾಗಿಲ್ಲ," ಅಂದಳು. "ನಲವತ್ತು ಸೆಕೆಂಡ್ ದಾಟೇತಿ ಅಷ್ಟ. ಅದು ಬಾಯಿ ತಗಿಯೂದ್ರಾಗ ನಾವು ಕಿವಿ ಮುಚ್ಚೇವಿ."

ಇನಾಮದಾರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹಂಗಾದ್ರ ಎಷ್ಟು ಹೊತ್ತು ಕೇಳಬೇಕಂತೀರಿ? ಒಂದು ನಿಮಿಷ? ಎರಡು?"

"ಗೊತ್ತಿಲ್ರಿ. ಇಡೀ ದಿನದ್ದು ಕೊಡ್ರಿ. ಇಪ್ಪತ್ತು ನಿಮಿಷ."

"ಉಳಿದ ನಾಲ್ಕು?"

"ಇವತ್ತೊಂದಿನ ಉಪಾಸ."

"ಒಂದನೇದು ಬಿಸಿನೀರಿನ ಬುಗ್ಗಿ ಹತ್ರ ಅದ. ಇವತ್ತಿನ ಸುದ್ದಿ ಹೋದ್ರ ಹೋತು, ಮತ್ತ ಸಿಗೂದಿಲ್ಲ. ನಾಲ್ಕು ದುಡಿಯೋ ಮಕ್ಕಳ ಬಾಯಿಂದ ಕಸಕೊಂಡು ಒಂದು ಮೂಕ ಮಗೂಗೆ ಕೊಡ್ತೀರೇನು? ಎರಡು ವರ್ಷದಿಂದ ನನಗ ಸಮ ಸಮ ಅಂತ ಪಾಠ ಹೇಳಿದವರು ನೀವು!"

"ಹೌದ್ರಿ, ನಾನs," ಅಂದಳು ನೀಲಾಂಬಿಕೆ. ಅಳು ಬಂದಿತ್ತು, ತಡೆಯಲಿಲ್ಲ. "ತುಪ್ಪ ಸಮ ಹಂಚಬೇಕು ಖರೆ. ಆದ್ರ ಕಾಯೂದನ್ನ ಸಮ ಹಂಚಾಕ ಬರಂಗಿಲ್ಲ ಸರ್. ಅದು ನನಗ ಇವತ್ತ ಗೊತ್ತಾತು. ಇಪ್ಪತ್ತು ನಿಮಿಷದಾಗ ಅದು ಮಾತಾಡ್ಲಿಲ್ಲಂದ್ರ ನಾನs ಸಹಿ ಹಾಕಿ ಅದನ್ನ ತಗೀತೇನಿ."

ಇನಾಮದಾರರು ರಿಹಾನಾಳಿಗೆ ಕೈಯಲ್ಲೇ ಸನ್ನೆ ಮಾಡಿದರು.

ನಾಲ್ಕು ಗಂಟೆಗೆ, ಮೂರನೆಯದಕ್ಕೇ ಇಪ್ಪತ್ತೂ ನಿಮಿಷ ಎಂಬ ಆಜ್ಞೆ ಹೊರಟಿತು. ಹೋಗಲು ನಲವತ್ತಮೂರು, ಬರಲು ನಲವತ್ತಮೂರು. ಬೆಳಕಿಗೂ ಅಷ್ಟು ಹೊತ್ತು ಹಿಡಿಯುವ ದೂರ. ಅದನ್ನು ಅವಸರ ಮಾಡಿಸುವ ಯಂತ್ರ ಇನ್ನೂ ಹುಟ್ಟಿಲ್ಲ, ಹುಟ್ಟುವುದೂ ಇಲ್ಲ. ರಿಹಾನಾ ಚಹಾ ತಂದಿಟ್ಟಳು. ಯಾರೂ ಕುಡಿಯಲಿಲ್ಲ.

ಐದೂ ಇಪ್ಪತ್ತಾರಕ್ಕೆ ಸ್ಪೀಕರಿನಲ್ಲಿ ಆ ಸಮುದ್ರ ತೆರೆದುಕೊಂಡಿತು. ದೂರದಲ್ಲಿ ಹಿಮ ಬಿರಿಯುವ ಸದ್ದು, ಅದರ ಕೆಳಗೆ ಮುಗಿಯದ ಒಂದು ಗುಂಗು. ತಾಯಿಪೆಟ್ಟಿಗೆ ಮೂರನೆಯ ಮೀನಿನ ಹೆಸರು ಕರೆದದ್ದು ಕೇಳಿಸಿತು.

ನಲವತ್ತು ಸೆಕೆಂಡು ಕಳೆಯಿತು. ಇಷ್ಟು ದಿನ ಇಲ್ಲಿಗೆ ಕಿವಿ ಮುಚ್ಚುತ್ತಿತ್ತು. ಎರಡು ನಿಮಿಷ. ಐದು. ಇನಾಮದಾರರು ಎದ್ದು ಕಿಟಕಿಯ ಬಳಿ ಹೋಗಿ ಬೆನ್ನು ಮಾಡಿ ನಿಂತರು. ಎಂಟು ನಿಮಿಷ. ನೀಲಾಂಬಿಕೆ ಬಲಗೈಯನ್ನು ಮೇಜಿನ ಮೇಲೆ ಮುಂದಕ್ಕೆ ಚಾಚಿ ಇಟ್ಟುಕೊಂಡಿದ್ದಳು, ಬೆರಳು ಕೂಡಿಸಿ, ತುತ್ತು ಹಿಡಿದವರ ಹಾಗೆ. ಅದು ಅವಳಿಗೇ ತಿಳಿದಿರಲಿಲ್ಲ.

ಹನ್ನೊಂದನೆಯ ನಿಮಿಷಕ್ಕೆ ನೀರಿನೊಳಗಿಂದ ಒಂದು ಸಣ್ಣ ಸದ್ದು ಬಂತು. ಬೆರಳಿನಿಂದ ಮಡಕೆ ತಟ್ಟಿದಂಥ ಸದ್ದು. ಮತ್ತೊಂದು. ಆಮೇಲೆ ಸಾಲಾಗಿ.

"ಅಕ್ಕಾರ!" ರಿಹಾನಾ ಕೂಗಿದಳು. "ಬಂತ್ರಿ! ಮೂರನೇದು!"

ಮೊದಲು ಬಂದದ್ದು ಒಂದು ಪಟ್ಟಿ. ಕರೆ ಒಂದು, ಓಗೊಟ್ಟೆ. ಕರೆ ಎರಡು, ಓಗೊಟ್ಟೆ. ಕರೆ ಮೂರು, ಓಗೊಟ್ಟೆ. ಪರದೆಯ ಮೇಲೆ ಸಾಲುಗಳು ಇಳಿಯುತ್ತಲೇ ಇದ್ದವು. ಐವತ್ತನಾಲ್ಕು ಕರೆ, ಐವತ್ತನಾಲ್ಕು ಉತ್ತರ. ಒಂಬತ್ತು ದಿನವೂ ಅದು ಪ್ರತಿ ಸಲ ಉತ್ತರ ಹೇಳಿತ್ತು, ಕಿವಿ ಮುಚ್ಚಿದ ಪೆಟ್ಟಿಗೆಗೆ. ರಿಹಾನಾ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು.

ಆಮೇಲೆ ಮೂರು ಚಿತ್ರ ಬಂದವು, ಅಂಚೆಚೀಟಿಯಷ್ಟು ಚಿಕ್ಕವು. ಮೊದಲನೆಯದರಲ್ಲಿ ಬರೀ ಕತ್ತಲು. ಎರಡನೆಯದರಲ್ಲಿ ಒಂದು ನೀಲಿ ಚುಕ್ಕೆ. ಮೂರನೆಯದನ್ನು ನೋಡಿ ಮೂವರೂ ಎದ್ದು ನಿಂತರು.

ಸಮುದ್ರದ ತಳದಲ್ಲಿ ದೀಪಗಳಿದ್ದವು. ನೂರಲ್ಲ, ಸಾವಿರವಲ್ಲ, ಚಿತ್ರದ ಅಂಚಿನವರೆಗೆ ನೀಲಿ ದೀಪಗಳು. ಒಂದೊಂದೂ ಮೆತ್ತಗಿನ ಒಂದು ಮೈ. ಕೆಲವು ಒಂದಕ್ಕೊಂದು ಆತುಕೊಂಡಿದ್ದವು. ಕೆಲವು ಮೀನಿನ ರೆಕ್ಕೆಯ ಮೇಲೇ ಬಂದು ಕೂತಿದ್ದವು.

ಮೀನು ಕೆಳಗೆ ತನ್ನ ಟಿಪ್ಪಣಿ ಬರೆದಿತ್ತು: ಸದ್ದಾದರೆ ದೀಪ ಆರುತ್ತವೆ. ಅಲುಗಿದರೂ ಆರುತ್ತವೆ. ಕಾದರೆ ಹತ್ತುತ್ತವೆ. ಹೇಳಬೇಕಾದರೆ ಮೆಲ್ಲಗೆ ದೂರ ಸರಿದು ಬರಬೇಕು. ದಿನದಿನಕ್ಕೆ ನಾನು ಇನ್ನಷ್ಟು ಒಳಗಿದ್ದೇನೆ.

ಮನುಷ್ಯ ಹುಟ್ಟಿದಂದಿನಿಂದ ಆಕಾಶಕ್ಕೆ ಕೇಳಿದ ಪ್ರಶ್ನೆಗೆ ಉತ್ತರ ಆ ಅಂಚೆಚೀಟಿಯಲ್ಲಿತ್ತು. ಇನಾಮದಾರರು ಕಾಲಿನ ಚಪ್ಪಲಿ ಬಿಟ್ಟು ಪರದೆಗೆ ಕೈ ಮುಗಿದರು. ಆಮೇಲೆ ತಡವರಿಸುತ್ತ ಹಳೆಯ ನಕ್ಷೆ ತೆಗೆಸಿ ನೋಡಿದರು. ಮೊದಲನೆಯ ಮೀನು, ಚುರುಕಿನದು, ಸದ್ದು ಮಾಡುತ್ತ ಅದೇ ಜಾಗದ ಮೇಲೆ ಒಂಬತ್ತು ಸಲ ಹಾದುಹೋಗಿತ್ತು. ಒಂಬತ್ತು ಸಲವೂ ವರದಿ ಒಂದೇ: ಕತ್ತಲು, ಏನೂ ಇಲ್ಲ.

"ಇನ್ಮ್ಯಾಲೆ ಹದಿನೈದು ದಿನಕ್ಕ ಕಲಸೂದು ಬ್ಯಾಡ್ರಿ," ಅಂದಳು ನೀಲಾಂಬಿಕೆ.

"ಬ್ಯಾಡ," ಅಂದರು ಇನಾಮದಾರರು. "ಖಂಡಿತ ಬ್ಯಾಡ."

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಫೋನಿನಲ್ಲಿದ್ದ ಚಿತ್ರವನ್ನು ಮಕ್ಕಳಿಗೆ ತೋರಿಸಿ, ನಡೆದದ್ದನ್ನೆಲ್ಲ ಹೇಳಿದಳು. ಗುರವ್ವ ಫೋನನ್ನು ಕಣ್ಣಿನ ಹತ್ತಿರ ಹಿಡಿದು, "ಶಿವನs, ಅಲ್ಲೂ ಮಕ್ಕಳು ಮರಿ ಅದಾವಲ್ಲs" ಅಂದಳು. ಮಹಾದೇವಿ ದೀಪ ಎಷ್ಟೆಂದು ಎಣಿಸಲು ಕೂತಳು. ಸಂಗಮೇಶ ಮಂಚದ ಮೇಲಿಂದ ಹಾರಿ ತಾನೇ ಮೀನಾದ. ತುಂಗವ್ವ ಚಿತ್ರವನ್ನು ನೆಕ್ಕಿ ನೋಡಿದಳು. ಕಲ್ಮೇಶ ನೋಡಿದ, ಏನೂ ಅನ್ನಲಿಲ್ಲ.

ಅಂದು ಪರಾತದ ಮುಂದೆ ನೀಲಾಂಬಿಕೆ ಕೂತಳು. ಗೆರೆಯ ಚಮಚ ಗೂಡಿನಲ್ಲೇ ಇತ್ತು, ಗಡಿಯಾರವನ್ನು ಅವಳು ತಿರುಗಿಸಲಿಲ್ಲ. ಅತ್ತೆಯಷ್ಟು ಚೆಂದಾಗಿ ತುತ್ತು ಕಟ್ಟಲು ಬರಲಿಲ್ಲ, ಕೆಲವು ಬೆರಳಸಂದಿಯಲ್ಲೇ ಜಾರಿದವು. ಮೂರನೆಯವನ ಸರದಿ ಬಂದಾಗ ಕೈ ಚಾಚಿ ಹಿಡಿದಳು. ಹುಡುಗ ನೆಲ ನೋಡುತ್ತಿದ್ದ. ಮಹಾದೇವಿ ಏನೋ ಅನ್ನಲು ಹೋಗಿ ಆಯಿಯ ಮುಖ ನೋಡಿ ಸುಮ್ಮನಾದಳು. ತೋಳು ಸೋತಿತು. ತುಪ್ಪ ಮುಂಗೈಗೆ ಇಳಿಯಿತು. ಅವಳು ಕೈ ತೆಗೆಯಲಿಲ್ಲ.

"ಅವ್ವಾ," ಅಂದ ಕಲ್ಮೇಶ ಕೊನೆಗೆ. "ಆ ಮೀನ... ಯಾರೂ ಕೇಳಲಾರದಾಗ್ಲೂ ಓ ಅಂತಿತ್ತೇನು?"

"ಹೂಂ ಅಪ್ಪೀ. ಐವತ್ನಾಕು ಸಲ."

ಹುಡುಗ ಚಾಪೆಯ ಎಳೆಯೊಂದನ್ನು ಪೂರ್ತಿ ಬಿಡಿಸಿ ಕೈಗೆತ್ತಿಕೊಂಡ. ಅದನ್ನು ಬೆರಳಿಗೆ ಸುತ್ತಿದ.

"ನಾನೂ ಅಂತಿದ್ದೆ," ಅಂದ. "ಗಂಟಿ ಆದ ಮ್ಯಾಲೆ."

ನೀಲಾಂಬಿಕೆಗೆ ತುತ್ತೂ ಕಾಣಲಿಲ್ಲ, ಮಗನ ಮುಖವೂ ಕಾಣಲಿಲ್ಲ, ಕಣ್ಣು ಅಷ್ಟು ತುಂಬಿತ್ತು. ಎಡಗೈಯಿಂದ ಅವನನ್ನು ಹತ್ತಿರ ಎಳೆದುಕೊಂಡಳು.

"ಈಗ ಹೇಳಪಾ," ಅಂದಳು. "ಎಲ್ಲಾ ಹೇಳು. ನಾ ಕುಂತೇನಿ."

ಕಲ್ಮೇಶ ತುತ್ತನ್ನು ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿ, ಹೋದ ತಿಂಗಳ ಸುದ್ದಿಯಿಂದ ಶುರುಮಾಡಿದ.